ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಫ್ಲಾಸ್ಕಿನಲ್ಲಿ ಬೆಳೆಯುವ ಜೀವಕೋಶಗಳು

ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವ ಕೆಲಸದ ಬಗ್ಗೆ ಪುಣೆ ಮತ್ತು ಪಿಂಪ್ರಿ-ಚಿಂಚವಡದ ಕನ್ನಡ ಓದುಗರಿಂದ ಈ ತಿಂಗಳು ಐದು ಪತ್ರಗಳು ಬಂದಿವೆ. ಎಲ್ಲವೂ ಒಂದೇ ವಿಷಯಕ್ಕೆ ಸೇರಿದವಾದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟಿದ್ದೇನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಊರಿನಲ್ಲಿ ಇದೇ ಕೆಲಸ ಮಾಡಿಕೊಂಡು ಬಂದವಳು ನಾನು. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿದ್ದರೆ ಓದುಗರು ಮನ್ನಿಸಬೇಕು.

ಪ್ರಶ್ನೆ: ನನ್ನ ಮಗಳು ಇಲ್ಲಿಯ ಒಂದು ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಭಾನುವಾರದ ಮಾತಿರಲಿ, ದೀಪಾವಳಿ ಪಾಡ್ಯದ ದಿನವೂ ‘ಸೆಲ್ಸ್ ನೋಡಿ ಬರುತ್ತೇನೆ’ ಎಂದು ಹೊರಟುಬಿಡುತ್ತಾಳೆ. ಬಾಟಲಿಯಲ್ಲಿರುವ ಕೋಶಗಳು ಒಂದು ದಿನ ಕಾಯಲಾರವೆ?
(ಗದಗಿನಿಂದ ಬಂದು ಚಿಂಚವಡದಲ್ಲಿ ನೆಲೆಸಿರುವ ಗೃಹಿಣಿ)

ಉತ್ತರ: ನೀವು ದಿನವೂ ರಾತ್ರಿ ಮಾಡುವ ಕೆಲಸಕ್ಕೂ ಮಗಳ ಕೆಲಸಕ್ಕೂ ಹತ್ತಿರದ ನಂಟಿದೆ. ನಿನ್ನೆಯ ಮೊಸರಿನಿಂದ ಒಂದು ಚಮಚ ತೆಗೆದು ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕುತ್ತೀರಿ. ಹಾಲು ಹೊಸದು, ಹೆಪ್ಪು ಹಳೆಯದು. ಬೆಳಿಗ್ಗೆ ತಣ್ಣಗೆ ಎತ್ತಿಡದೆ ಮಧ್ಯಾಹ್ನದವರೆಗೂ ಹೊರಗೇ ಬಿಟ್ಟರೆ ಮೊಸರು ಹುಳಿಯಾಗುತ್ತದೆ, ಏಕೆಂದರೆ ಅದರೊಳಗಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತಲೇ ಇರುತ್ತದೆ. ಮಗಳ ಫ್ಲಾಸ್ಕಿನಲ್ಲಿ ನಡೆಯುವುದೂ ಇದೇ. ಕೋಶಗಳು ಮೀಡಿಯಾದಲ್ಲಿನ, ಅಂದರೆ ಅವುಗಳಿಗೆ ಊಟವಾಗಿ ಹಾಕುವ ದ್ರವದಲ್ಲಿನ, ಗ್ಲೂಕೋಸನ್ನು ತಿಂದು ಅದೇ ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಮೀಡಿಯಾದಲ್ಲಿ ಫಿನಾಲ್ ರೆಡ್ ಎಂಬ ಬಣ್ಣ ಬೆರೆಸಿರುವುದರಿಂದ ಪಿಎಚ್ 7.4ರ ಆಸುಪಾಸಿನಲ್ಲಿ ಕುಂಕುಮದ ನೀರಿನಂತೆ ಕೆಂಪಾಗಿದ್ದ ದ್ರವ ಹುಳಿಯೇರುತ್ತ ಕಿತ್ತಳೆಗೆ ತಿರುಗಿ, 6.8ರ ಕೆಳಗಿಳಿದಾಗ ನಿಂಬೆರಸದ ಹಳದಿಯಾಗುತ್ತದೆ. ಅನುಭವವಿದ್ದವರು ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಾದ ಇನ್‌ಕ್ಯುಬೇಟರಿನ ಗಾಜಿನ ಬಾಗಿಲಿನಿಂದಲೇ ಈ ಬಣ್ಣವನ್ನು ನೋಡಿ ಒಳಗಿನವರು ಹಸಿದಿದ್ದಾರೋ ಇಲ್ಲವೋ ಹೇಳಿಬಿಡುತ್ತಾರೆ.

ಆದರೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಮೊಸರಿನ ಬ್ಯಾಕ್ಟೀರಿಯಾಗಳಿಗೆ ಅವುಗಳ ಹುಳಿಯೇ ಕಾವಲು. ಬೇರೆ ಕ್ರಿಮಿಗಳು ಅಲ್ಲಿ ಸುಲಭವಾಗಿ ತಲೆ ಹಾಕಲಾರವು. ಪ್ರಾಣಿಯ ದೇಹದಿಂದ ತೆಗೆದ ಕೋಶಕ್ಕೆ ಅಂಥ ಯಾವ ಕಾವಲೂ ಇಲ್ಲ. ಮೇಲೆ ಚರ್ಮವಿಲ್ಲ, ಕಸ ಹೊರಹಾಕಲು ಮೂತ್ರಪಿಂಡವಿಲ್ಲ, ಊಟ ತರಲು ರಕ್ತವಿಲ್ಲ, ರೋಗ ತಡೆಯಲು ಬಿಳಿ ರಕ್ತಕಣಗಳ ಪಡೆಯಿಲ್ಲ. 37 ಡಿಗ್ರಿ ಸೆಲ್ಸಿಯಸ್ ಶಾಖ, 5 ಪ್ರತಿಶತ ಇಂಗಾಲದ ಡೈಆಕ್ಸೈಡ್, ತೇವದ ಗಾಳಿ, ಸೀರಂ (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ಬೆರೆಸಿದ ಮೀಡಿಯಾ, ಇವೆಲ್ಲವನ್ನೂ ಒದಗಿಸಿ ಆ ದೇಹದ ಜಾಗದಲ್ಲಿ ನಿಲ್ಲುವವಳು ನಿಮ್ಮ ಮಗಳು. ಮೇಲಾಗಿ, ನಾವು ಬೆಳೆಸುವ ಎಷ್ಟೋ ಕೋಶಗಳು ಇಮ್ಮಡಿಯಾಗಲು ಸುಮಾರು ಒಂದು ದಿನ ಬೇಕಾದರೆ, ಕೆಲವು ಬ್ಯಾಕ್ಟೀರಿಯಾಗಳಿಗೆ ಇಪ್ಪತ್ತು-ಮೂವತ್ತು ನಿಮಿಷ ಸಾಕು. ಶನಿವಾರ ಸಂಜೆ ಒಳಸೇರಿದ ಒಂದೇ ಒಂದು ಬ್ಯಾಕ್ಟೀರಿಯಾ ಸೋಮವಾರ ಬೆಳಿಗ್ಗೆ ಫ್ಲಾಸ್ಕನ್ನು ಗಂಜಿಯ ನೀರಿನಂತೆ ಕದಡಿಬಿಟ್ಟಿರುತ್ತದೆ.

ಕೋಶಗಳು ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಬೆಳೆಯುತ್ತವೆ. ತಳದ 70ರಿಂದ 80 ಪ್ರತಿಶತ ತುಂಬಿದಾಗ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಬಿಡಿಸಿ, ಸ್ವಲ್ಪವನ್ನು ಹೊಸ ಫ್ಲಾಸ್ಕಿಗೆ ವರ್ಗಾಯಿಸಬೇಕು. ಆ ಹೊತ್ತು ಮೀರಿದರೆ ಅವು ಒಂದರ ಮೇಲೊಂದು ಒತ್ತಿ, ಸೊರಗಿ, ಸ್ವಭಾವವನ್ನೇ ಬದಲಿಸಿಕೊಳ್ಳುತ್ತವೆ. ಆದ್ದರಿಂದ ಮಗಳು ಹೋಗುವುದು ಸುಮ್ಮನೆ ಅಲ್ಲ. ಆದರೂ ಅವಳಿಗೆ ನನ್ನ ಕಡೆಯಿಂದ ಒಂದು ಮಾತು ತಲುಪಿಸಿ. ಶುಕ್ರವಾರ ಫ್ಲಾಸ್ಕಿಗೆ ಸ್ವಲ್ಪ ಕಡಿಮೆ ಕೋಶ ಹಾಕಿದರೆ ಸೋಮವಾರದವರೆಗೂ ಅವು ಇಕ್ಕಟ್ಟಾಗುವುದಿಲ್ಲ. ಹಬ್ಬದ ದಿನ ಮನೆಯಲ್ಲಿರುವಂತೆ ವಾರವನ್ನು ಹೊಂದಿಸಿಕೊಳ್ಳುವುದೂ ಈ ವಿದ್ಯೆಯ ಒಂದು ಭಾಗವೇ.

ಪ್ರಶ್ನೆ: ಎರಡು ತಿಂಗಳಿಂದ ನನ್ನ ಕೋಶಗಳು ನಿಧಾನವಾಗಿ ಬೆಳೆಯುತ್ತಿವೆ. ಮೀಡಿಯಾ ತಿಳಿಯಾಗಿದೆ, ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಕಾಣುವುದಿಲ್ಲ, ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ತಪ್ಪದೆ ಹಾಕುತ್ತಿದ್ದೇನೆ. ಸೀರಂ ಬದಲಿಸಿಯೂ ನೋಡಿದೆ. ಎಲ್ಲಿ ತಪ್ಪುತ್ತಿದ್ದೇನೆ?
(ಸಂಶೋಧನಾ ವಿದ್ಯಾರ್ಥಿ, ಗಣೇಶಖಿಂಡ)

ಉತ್ತರ: ಬೇರೆಲ್ಲ ಕೆಲಸ ಬದಿಗಿಟ್ಟು ಮೊದಲು ಮೈಕೊಪ್ಲಾಸ್ಮಾ ಪರೀಕ್ಷೆ ಮಾಡಿಸಿ. ನೀವು ಬರೆದಿರುವ ಲಕ್ಷಣಗಳು ಮೀಡಿಯಾ ಕೆಟ್ಟಿದ್ದರೂ ಬರಬಹುದು, ಕೋಶಗಳಿಗೆ ಪ್ಯಾಸೇಜ್ (ಹೊಸ ಫ್ಲಾಸ್ಕಿಗೆ ವರ್ಗಾವಣೆ) ಹೆಚ್ಚಾಗಿದ್ದರೂ ಬರಬಹುದು. ಆದರೆ ಎಲ್ಲ ತಿಳಿಯಾಗಿದ್ದೂ ಕೋಶಗಳು ಏಳಿಗೆಯಾಗದಿದ್ದರೆ ಮೊದಲ ಸಂಶಯ ಇದರ ಮೇಲೆಯೇ ಹೋಗಬೇಕು.

ಮೈಕೊಪ್ಲಾಸ್ಮಾ ಬ್ಯಾಕ್ಟೀರಿಯಾಗಳ ಬಳಗಕ್ಕೆ ಸೇರಿದ್ದರೂ ಅದಕ್ಕೆ ಕೋಶಭಿತ್ತಿ ಎಂಬುದೇ ಇಲ್ಲ. ಪೆನಿಸಿಲಿನ್ ಕೆಲಸ ಮಾಡುವುದು ಆ ಭಿತ್ತಿಯನ್ನು ಕಟ್ಟಲು ಬಿಡದೆ; ಗೋಡೆಯೇ ಇಲ್ಲದವನ ಮನೆಗೆ ಕನ್ನ ಹಾಕುವುದೆಲ್ಲಿ? ಗಾತ್ರದಲ್ಲಿ ಅತಿ ಸಣ್ಣದಾದ್ದರಿಂದಲೂ ಮೈ ಬಾಗುವಂಥದ್ದಾದ್ದರಿಂದಲೂ ನಾವು ಮೀಡಿಯಾ ಸೋಸುವ 0.22 ಮೈಕ್ರಾನಿನ ಫಿಲ್ಟರಿನಿಂದ ನುಸುಳಿ ಪಾರಾಗಬಲ್ಲದು. ಒಂದು ಮಿಲಿಲೀಟರ್ ಮೀಡಿಯಾದಲ್ಲಿ ಹತ್ತು ಕೋಟಿಯಷ್ಟು ತುಂಬಿಕೊಂಡಿದ್ದರೂ ದ್ರವ ಕದಡುವುದಿಲ್ಲ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಸಿಗುವುದಿಲ್ಲ. ಕೋಶಗಳಿಗೆಂದು ಹಾಕಿದ ಆರ್ಜಿನೀನ್‌ನಂಥ ಅಮೈನೊ ಆಮ್ಲಗಳನ್ನು ತಾನು ತಿನ್ನುತ್ತದೆ, ಕೋಶದ ಜೀನುಗಳ ನಡವಳಿಕೆಯನ್ನು ಬದಲಿಸುತ್ತದೆ, ಆದರೆ ಕೋಶವನ್ನು ಕೊಲ್ಲುವುದಿಲ್ಲ. ಇದರ ನಿಜವಾದ ಅಪಾಯ ಅಲ್ಲಿಯೇ ಇದೆ. ಸತ್ತ ಕೋಶ ನಮ್ಮನ್ನು ಎಚ್ಚರಿಸುತ್ತದೆ. ರೋಗ ಹೊತ್ತು ಬದುಕಿದ ಕೋಶ ತಿಂಗಳುಗಟ್ಟಲೆ ಸುಳ್ಳು ಫಲಿತಾಂಶ ಕೊಡುತ್ತದೆ, ನಾವು ಅದನ್ನು ನಂಬಿ ಬರೆದಿಡುತ್ತೇವೆ. ಹೀಲಾ ಎಂಬ ಕ್ಯಾನ್ಸರ್ ಕೋಶಗಳಲ್ಲಿ (ಅವುಗಳ ಕಥೆ ಮುಂದಿನ ಉತ್ತರದಲ್ಲಿದೆ) ಇದು ಸೇರಿಕೊಂಡಿದೆಯೆಂದು ಮೊದಲು ಗೊತ್ತಾದದ್ದು 1956ರಲ್ಲಿ. ಅಷ್ಟು ಹಳೆಯ ಸಂಗತಿಯಾದರೂ ಪ್ರತಿ ತಲೆಮಾರಿನ ವಿದ್ಯಾರ್ಥಿಯೂ ಇದನ್ನು ಹೊಸದಾಗಿ ಕಲಿಯುತ್ತಾನೆ.

ನಾನು ಕಲಿತದ್ದು ಹೇಗೆಂದು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ ನಾನಿದ್ದ ಪ್ರಯೋಗಾಲಯಕ್ಕೆ ಹೊರಗಿನಿಂದ ಒಂದು ಫ್ಲಾಸ್ಕ್ ಬಂತು. ಪರೀಕ್ಷಿಸದೆ ಎಲ್ಲ ಕೋಶಗಳಿರುವ ಇನ್‌ಕ್ಯುಬೇಟರಿನಲ್ಲೇ ಇಟ್ಟೆವು, ಒಂದೇ ಮೀಡಿಯಾ ಬಾಟಲಿಯಿಂದ ಎಲ್ಲಕ್ಕೂ ಹಾಕಿದೆವು. ಎಂಟು ತಿಂಗಳ ನಂತರ ಯಾರೋ ಹೋಕ್ಸ್ಟ್ ಬಣ್ಣ ಹಾಕಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡೋಣವೆಂದರು. ಈ ಬಣ್ಣ ಡಿಎನ್‌ಎಗೆ ಅಂಟಿ ನೀಲಿಯಾಗಿ ಹೊಳೆಯುತ್ತದೆ. ಶುದ್ಧ ಕೋಶದಲ್ಲಿ ನಡುವಿನ ಕೋಶಕೇಂದ್ರ ಮಾತ್ರ ಹೊಳೆದು ಸುತ್ತಲೂ ಕತ್ತಲಿರಬೇಕು. ನಾನು ಕಂಡದ್ದು ಪ್ರತಿಯೊಂದು ನೀಲಿ ಗುಂಡಿನ ಸುತ್ತ ರಂಗೋಲಿ ಪುಡಿ ಉದುರಿಸಿದಂತೆ ಸಾವಿರಾರು ಚುಕ್ಕಿಗಳು. ಫ್ಲಾಸ್ಕ್ ಬದಲಿಸಿದೆ, ಮತ್ತೊಂದು ಸೆಲ್ ಲೈನ್ (ಒಂದೇ ಮೂಲದಿಂದ ಬೆಳೆಸಿಕೊಂಡು ಬಂದ ಕೋಶಗಳ ತಳಿ) ತೆಗೆದೆ. ಎಲ್ಲದರಲ್ಲೂ ಅವೇ ಚುಕ್ಕಿಗಳು. ಎಂಟು ತಿಂಗಳ ನೋಟ್‌ಬುಕ್ಕಿನ ಪುಟಗಳಿಗೆ ಅಡ್ಡಗೆರೆ ಎಳೆಯಬೇಕಾಯಿತು. ಆ ಸಂಜೆಯ ಸಂಕಟವನ್ನು ನಾನು ಇನ್ನೂ ಮರೆತಿಲ್ಲ, ನಿಮಗೆ ಅದು ಬಾರದಿರಲಿ ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಪರೀಕ್ಷೆಗೆ ಮೊದಲು ಕನಿಷ್ಠ ಎರಡು ವಾರ ಪ್ರತಿಜೈವಿಕ ಹಾಕದೆ ಕೋಶಗಳನ್ನು ಬೆಳೆಸಿ, ಇಲ್ಲದಿದ್ದರೆ ಸೋಂಕು ಅರ್ಧ ಅಡಗಿಕೊಂಡು ಪರೀಕ್ಷೆ ತಪ್ಪು ಹೇಳಬಹುದು. ಕ್ರಿಮಿಯ ಡಿಎನ್ಎಯನ್ನು ನಕಲು ಮಾಡಿ ಹೆಚ್ಚಿಸಿ ಪತ್ತೆಹಚ್ಚುವ ಪಿಸಿಆರ್ ಒಂದೇ ದಿನದಲ್ಲಿ ಉತ್ತರ ಕೊಡುತ್ತದೆ. ಹೋಕ್ಸ್ಟ್ ಅದಕ್ಕೆ ಒಳ್ಳೆಯ ಜೊತೆ. ಸೋಂಕು ಇದ್ದರೆ ಆ ಫ್ಲಾಸ್ಕುಗಳನ್ನು ತೆರೆಯದೆ, ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಹಾಕಿ, ಇನ್‌ಕ್ಯುಬೇಟರ್, ಹುಡ್ (ಶುದ್ಧ ಗಾಳಿ ಬೀಸುವ ಕೆಲಸದ ಪೆಟ್ಟಿಗೆ), ವಾಟರ್ ಬಾತ್ (ಬೆಚ್ಚನೆಯ ನೀರಿನ ತೊಟ್ಟಿ) ಎಲ್ಲವನ್ನೂ ತೊಳೆದು, ಶುದ್ಧವೆಂದು ಖಾತ್ರಿಯಿರುವ, ಘನೀಕರಿಸಿಟ್ಟ ಹಳೆಯ ವಯಲಿನಿಂದ (ಪುಟ್ಟ ಸೀಸೆಯಿಂದ) ಮತ್ತೆ ಆರಂಭಿಸಿ. ಮೈಕೊಪ್ಲಾಸ್ಮಾ ಕೊಲ್ಲುವ ಔಷಧಗಳು ಇವೆ, ಆದರೆ ಎಲ್ಲೂ ಸಿಗದ ಕೋಶವಾದರೆ ಮಾತ್ರ ಆ ದಾರಿ ಹಿಡಿಯಿರಿ. ಉಳಿದದ್ದನ್ನು ಎಸೆಯುವುದೇ ಲೇಸು.

ಇನ್ನು ಆ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್. ದಿನವೂ ಹಾಕುವುದನ್ನು ನಿಲ್ಲಿಸಿ ಎಂದು ನನ್ನ ಖಚಿತ ಸಲಹೆ. ಅಂಗಾಂಶದಿಂದ ಆಗಷ್ಟೇ ಬಿಡಿಸಿದ ಕೋಶಗಳಿಗೆ ಮೊದಲ ಕೆಲವು ದಿನ ಅದು ಬೇಕು, ಸರಿ. ಆದರೆ ಸ್ಥಿರವಾಗಿ ಬೆಳೆಯುತ್ತಿರುವ ಸೆಲ್ ಲೈನಿಗೆ ವರ್ಷಪೂರ್ತಿ ಹಾಕಿದರೆ ಅದು ಕೈಯ ತಪ್ಪನ್ನು ಮುಚ್ಚಿಡುತ್ತದೆಯೇ ಹೊರತು ತಿದ್ದುವುದಿಲ್ಲ. ಕೈ ಶುದ್ಧವಾಗಿದ್ದರೆ ಅದರ ಅಗತ್ಯವೇ ಬೀಳುವುದಿಲ್ಲ. ಮುಚ್ಚಳವನ್ನು ಕಿರುಬೆರಳಿನಲ್ಲಿ ಹಿಡಿದುಕೊಳ್ಳಿ, ತೆರೆದ ಬಾಟಲಿಯ ಬಾಯಿಯ ಮೇಲೆ ಕೈ ಹಾಯಿಸಬೇಡಿ, ಒಂದು ಹೊತ್ತಿಗೆ ಒಂದೇ ಸೆಲ್ ಲೈನನ್ನು ಹುಡ್ಡಿನೊಳಗೆ ತನ್ನಿ, ಪ್ರತಿ ಲೈನಿಗೂ ಅದರದೇ ಮೀಡಿಯಾ ಬಾಟಲಿ ಇರಲಿ. ಕೆಲಸ ಮಾಡುವಾಗ ಮಾತನಾಡುವುದನ್ನೂ ಬಿಡಿ; ಫ್ಲಾಸ್ಕುಗಳಲ್ಲಿ ಮತ್ತೆ ಮತ್ತೆ ಸಿಗುವ ಮೈಕೊಪ್ಲಾಸ್ಮಾಗಳಲ್ಲಿ ಒಂದರ ಸಹಜ ನೆಲೆ ಮನುಷ್ಯರ ಬಾಯಿ. ಒರೆಸಲು 70 ಪ್ರತಿಶತದ ಸ್ಪಿರಿಟ್ ಬಳಸಿ. ನೂರು ಪ್ರತಿಶತ ಇನ್ನೂ ಚೆನ್ನಾಗಿರಬೇಕೆಂದು ಹೊಸಬರು ಎಣಿಸುತ್ತಾರೆ, ಆದರೆ ಅದು ಬೇಗನೆ ಆರಿಹೋಗುತ್ತದೆ. ಕ್ರಿಮಿಯ ಪ್ರೋಟೀನುಗಳು ಕೆಡಲು ನೀರಿನ ಜೊತೆಯೂ ಬೇಕು.

ಪ್ರಶ್ನೆ: 1951ರಲ್ಲಿ ತೀರಿಕೊಂಡ ಒಬ್ಬ ಮಹಿಳೆಯ ಕೋಶಗಳು ಇಂದಿಗೂ ಬದುಕಿವೆ ಎಂದು ಓದಿದೆ. ಹಾಗಾದರೆ ಕೋಶಗಳಿಗೆ ಸಾವಿಲ್ಲವೆ? ಈ ವಿದ್ಯೆಯಲ್ಲಿ ನಮ್ಮ ಪುಣೆಯ ಪಾಲೇನಾದರೂ ಇದೆಯೆ?
(ನಿವೃತ್ತ ಶಿಕ್ಷಕರು, ಕೋಥ್ರೂಡ್)

ಉತ್ತರ: ಆಕೆ ಹೆನ್ರಿಯೆಟಾ ಲ್ಯಾಕ್ಸ್. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಕೆಯ ಗರ್ಭಕಂಠದ ಕ್ಯಾನ್ಸರ್ ಗಡ್ಡೆಯಿಂದ ತೆಗೆದ ಚೂರನ್ನು ಜಾರ್ಜ್ ಗೈ ಅವರ ಪ್ರಯೋಗಾಲಯ ಬೆಳೆಸಿತು. ಆಕೆಯನ್ನು ಯಾರೂ ಕೇಳಿರಲಿಲ್ಲ, ಇದನ್ನು ಆ ಕೋಶಗಳನ್ನು ಬಳಸುವ ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕು. ಹೀಲಾ ಎಂಬ ಹೆಸರು ಆಕೆಯ ಹೆಸರಿನ ಮೊದಲಕ್ಷರಗಳಿಂದಲೇ ಬಂದದ್ದು.

ಆದರೆ ಅವು ಕ್ಯಾನ್ಸರ್ ಕೋಶಗಳು. ಸಹಜ ಕೋಶಗಳ ಮಾತು ಬೇರೆ. 1912ರಲ್ಲಿ ಅಲೆಕ್ಸಿಸ್ ಕ್ಯಾರೆಲ್ ಆರಂಭಿಸಿದ ಕೋಳಿಮರಿ ಭ್ರೂಣದ ಹೃದಯದ ಕಲ್ಚರ್ (ದೇಹದ ಹೊರಗೆ ಬೆಳೆಸಿದ ಕೋಶಗಳು) 1946ರವರೆಗೂ ನಡೆಯಿತು. ಆದ್ದರಿಂದ ದೇಹದ ಹೊರಗೆ ಕೋಶಕ್ಕೆ ಸಾವಿಲ್ಲವೆಂದು ಜಗತ್ತು ನಂಬಿತ್ತು. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಮನುಷ್ಯರ ಸಹಜ ಕೋಶಗಳು ಸುಮಾರು 50 ಬಾರಿ ಇಬ್ಭಾಗವಾದ ಮೇಲೆ ನಿಂತುಹೋಗುತ್ತವೆಂದು ತೋರಿಸಿದರು. ಕ್ಯಾರೆಲ್ ಅವರ ಕಲ್ಚರಿಗೆ ಪೋಷಣೆಯೆಂದು ಹಾಕುತ್ತಿದ್ದ ಭ್ರೂಣದ ರಸದೊಂದಿಗೆ ಹೊಸ ಕೋಶಗಳೂ ಸೇರಿಕೊಳ್ಳುತ್ತಿದ್ದವೆಂಬ ಸಂಶಯ ಆಗ ಬಲವಾಯಿತು. ಹೇಫ್ಲಿಕ್ ಅವರ ಬಗೆಯ, ಆಯುಸ್ಸು ಮಿತವಾಗಿರುವ ಮನುಷ್ಯಕೋಶಗಳಲ್ಲೇ ನಮ್ಮ ಹಡಪ್ಸರ್‌ನಲ್ಲಿರುವ ಸೀರಂ ಇನ್‌ಸ್ಟಿಟ್ಯೂಟಿನ ದಡಾರ-ರುಬೆಲ್ಲಾ ಲಸಿಕೆಯ ವೈರಸ್ಸುಗಳು ಬೆಳೆಯುತ್ತವೆ.

ಪುಣೆಯ ಪಾಲು ಇನ್ನೂ ಹಿರಿದು, ನಮಗೆ ಕನ್ನಡಿಗರಿಗೆ ಅದರಲ್ಲಿ ವಿಶೇಷ ಸಂಬಂಧವೂ ಇದೆ. 1952ರಲ್ಲಿ ಇಲ್ಲಿ ವೈರಸ್ ಸಂಶೋಧನಾ ಕೇಂದ್ರ ಆರಂಭವಾಯಿತು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಿದವರು ಈ ಕೇಂದ್ರದವರು. ಇದೇ ಕೇಂದ್ರದಲ್ಲಿ ಕೆ.ಆರ್.ಪಿ. ಸಿಂಗ್ ಅವರು ಸೊಳ್ಳೆಮರಿಗಳಿಂದ ಕೋಶಗಳನ್ನು ಬಿಡಿಸಿ ಬೆಳೆಸಿ, 1967ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಏಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯ ಆ ಕೋಶಗಳಿಂದ 1978ರಲ್ಲಿ ಜಪಾನಿನ ಅಕಿರಾ ಇಗರಾಶಿ ಅವರು ಆಯ್ದು ಬೇರ್ಪಡಿಸಿದ ಸಿ6/36 ಎಂಬ ತಳಿಯಲ್ಲಿ ಇಂದು ಜಗತ್ತಿನಾದ್ಯಂತ ಡೆಂಗಿ, ಚಿಕುನ್‌ಗುನ್ಯಾ ವೈರಸ್ಸುಗಳನ್ನು ಬೆಳೆಸುತ್ತಾರೆ. ಸೊಳ್ಳೆಯ ಕೋಶಕ್ಕೆ 37 ಡಿಗ್ರಿ ಹಿಡಿಸದು, 28 ಡಿಗ್ರಿ ಸಾಕು. ಪುಣೆಯ ಸೊಳ್ಳೆಮರಿಯ ವಂಶ ಎಷ್ಟೊಂದು ದೇಶಗಳ ಇನ್‌ಕ್ಯುಬೇಟರುಗಳಲ್ಲಿ ಬೆಳೆಯುತ್ತಿದೆಯೆಂದು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. 2020ರಲ್ಲಿ ಕೊರೊನಾ ವೈರಸ್ಸನ್ನು ಇದೇ ಸಂಸ್ಥೆಯವರು ವೀರೊ ಕೋಶಗಳಲ್ಲಿ ಬೆಳೆಸಿ ಕೊಟ್ಟದ್ದರಿಂದಲೇ ಕೋವ್ಯಾಕ್ಸಿನ್ ತಯಾರಾಯಿತು. ವೀರೊ ಕೋಶಗಳ ಮೂಲ 1962ರಲ್ಲಿ ಜಪಾನಿನ ಚಿಬಾದಲ್ಲಿ ಬೆಳೆಸಿದ ಆಫ್ರಿಕಾದ ಹಸಿರು ಮಂಗದ ಮೂತ್ರಪಿಂಡ.

ಪ್ರಶ್ನೆ: ಜೂನ್ ಬಂತೆಂದರೆ ನಮ್ಮ ಕಾಲೇಜಿನ ಕಲ್ಚರುಗಳಲ್ಲಿ ಬೂಸ್ಟು ಹಿಡಿಯುತ್ತದೆ. ಶಿಲೀಂಧ್ರನಾಶಕ ಹಾಕಿದರೆ ಸಾಲದೆ?
(ಎಂ.ಎಸ್ಸಿ. ವಿದ್ಯಾರ್ಥಿನಿ, ನಿಗಡಿ)

ಉತ್ತರ: ಸಾಲದು. ಬೂಸ್ಟಿನ ಬೀಜ ಫ್ಲಾಸ್ಕಿನಲ್ಲಿ ಹುಟ್ಟುವುದಿಲ್ಲ, ಕೋಣೆಯಿಂದ ಬರುತ್ತದೆ. ಮಳೆಗಾಲದಲ್ಲಿ ತೇವ ಹೀರಿದ ರಟ್ಟಿನ ಪೆಟ್ಟಿಗೆಗಳನ್ನು ಕಲ್ಚರ್ ಕೋಣೆಯಿಂದ ಇಂದೇ ಹೊರಹಾಕಿ, ಎ.ಸಿ.ಯ ಜಾಲರಿ ತೊಳೆಯಿಸಿ, ವಾಟರ್ ಬಾತಿನ ನೀರನ್ನು ವಾರಕ್ಕೊಮ್ಮೆ ಬದಲಿಸಿ, ಇನ್‌ಕ್ಯುಬೇಟರಿನ ತಳದ ತಟ್ಟೆಗೆ ಶುದ್ಧೀಕರಿಸಿದ ಡಿಸ್ಟಿಲ್ಡ್ ನೀರನ್ನೇ ಹಾಕಿ. ನೆನೆದ ಕೊಡೆ, ಚಪ್ಪಲಿ ಬಾಗಿಲ ಹೊರಗೇ ಉಳಿಯಲಿ. ಹತ್ತಿಯ ಎಳೆಯಂಥ ಬಿಳಿ ಉಂಡೆ ತೇಲುವುದು ಕಂಡರೆ ಏನೆಂದು ನೋಡಲು ಮುಚ್ಚಳ ತೆರೆಯಬೇಡಿ; ತೆರೆದ ಗಳಿಗೆಯಲ್ಲೇ ಬೀಜಕಣಗಳು ಹುಡ್ಡಿನ ತುಂಬ ಹರಡುತ್ತವೆ.

ಪ್ರಶ್ನೆ: ಗೆಳೆಯನ ಪ್ರಯೋಗಾಲಯದಿಂದ ಒಂದು ಸ್ತನ ಕ್ಯಾನ್ಸರ್ ಸೆಲ್ ಲೈನ್ ತಂದಿದ್ದೇನೆ, ಚೆನ್ನಾಗಿ ಬೆಳೆಯುತ್ತಿದೆ. ಕೆಲವು ವಯಲುಗಳನ್ನು ಘನೀಕರಿಸಿ ಇಡಬೇಕೆಂದಿದ್ದೇನೆ. ಕ್ರಮ ತಿಳಿಸಿ. ನಮ್ಮಲ್ಲಿ ಕರೆಂಟೂ ಆಗಾಗ ಹೋಗುತ್ತದೆ.
(ಔಷಧ ಸಂಶೋಧನೆಯ ಉದ್ಯೋಗಿ, ಹಿಂಜವಡಿ)

ಉತ್ತರ: ಕರೆಂಟಿನ ಮಾತು ಮೊದಲು ಮುಗಿಸುತ್ತೇನೆ. ಹೋದ ಕೂಡಲೇ ಇನ್‌ಕ್ಯುಬೇಟರಿನ ಬಾಗಿಲು ತೆರೆದು ನೋಡುವ ಆತುರ ಬೇಡ; ಮುಚ್ಚಿದ್ದರೆ ಶಾಖ ಸಾಕಷ್ಟು ಹೊತ್ತು ನಿಲ್ಲುತ್ತದೆ. ಕೆಲವು ಗಂಟೆಗಳ ತಂಪನ್ನು ಕೋಶಗಳು ತಾಳಿಕೊಳ್ಳುತ್ತವೆ. ಅವು ತಾಳದಿರುವುದು ಹೆಚ್ಚಿನ ಬಿಸಿಯನ್ನು. 37ರ ಮೇಲೆ ಎರಡು-ಮೂರು ಡಿಗ್ರಿ ಏರಿದರೂ ಹಾನಿ ಆರಂಭವಾಗುತ್ತದೆ. ಆದ್ದರಿಂದ ಕರೆಂಟು ಮರಳಿದ ಮೇಲೆ ಉಷ್ಣತೆ ಏರಿ ಎಲ್ಲಿ ನಿಲ್ಲುತ್ತದೆಂದು ಬೇರೆಯದೇ ಥರ್ಮಾಮೀಟರಿನಿಂದ ಖಾತ್ರಿ ಮಾಡಿಕೊಳ್ಳಿ.

ಘನೀಕರಿಸುವ ಮೊದಲು ಒಂದು ಕಠಿಣ ಪ್ರಶ್ನೆ: ಅದು ಸ್ತನ ಕ್ಯಾನ್ಸರಿನ ಕೋಶವೇ ಎಂದು ನಿಮಗೆ ಹೇಗೆ ಗೊತ್ತು? ಫ್ಲಾಸ್ಕಿನ ಮೇಲೆ ಬರೆದ ಹೆಸರು ಸಾಕ್ಷಿಯಲ್ಲ. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಅವರು ಬೇರೆ ಬೇರೆ ಅಂಗಗಳದ್ದೆಂದು ನಂಬಿದ್ದ 18 ಸೆಲ್ ಲೈನುಗಳನ್ನು ಪರೀಕ್ಷಿಸಿ, ಅವೆಲ್ಲವೂ ಹೀಲಾ ಎಂದು ತೋರುತ್ತದೆಂದು ಮುಂದಿಟ್ಟರು. ಎಲ್ಲದರಲ್ಲೂ ಜಿ6ಪಿಡಿ ಎಂಬ ಕಿಣ್ವದ ‘ಎ’ ಬಗೆ ಇತ್ತು, ಅದು ಆಫ್ರಿಕಾ ಮೂಲದವರಲ್ಲಿ ಕಾಣುವಂಥದು. ವೇಗವಾಗಿ ಬೆಳೆಯುವ ಕೋಶ ಒಂದೇ ಹನಿಯಲ್ಲಿ ಬಂದು ಸೇರಿದರೂ ಕೆಲವು ಪ್ಯಾಸೇಜುಗಳಲ್ಲಿ ಮೂಲ ಕೋಶವನ್ನು ಹೊಲದ ಕಳೆಯಂತೆ ನುಂಗಿಬಿಡುತ್ತದೆ. ‘ಚೆನ್ನಾಗಿ ಬೆಳೆಯುತ್ತಿದೆ’ ಎಂಬ ನಿಮ್ಮ ಮಾತೇ ನನಗೆ ಕಳವಳ ತರುತ್ತದೆ. ಎಸ್‌ಟಿಆರ್ ಪ್ರೊಫೈಲಿಂಗ್ ಮಾಡಿಸಿ; ಅಪರಾಧ ತನಿಖೆಯಲ್ಲಿ ಡಿಎನ್‌ಎಯಿಂದ ಮನುಷ್ಯರನ್ನು ಗುರುತಿಸುವ ವಿಧಾನವೇ ಇದು. ಜೊತೆಗೆ ಮೈಕೊಪ್ಲಾಸ್ಮಾ ಪರೀಕ್ಷೆಯೂ ಆಗಲಿ. ಎರಡೂ ಮುಗಿಯುವವರೆಗೆ ಆ ಫ್ಲಾಸ್ಕ್ ಬೇರೆ ಇನ್‌ಕ್ಯುಬೇಟರಿನಲ್ಲಿರಲಿ, ದಿನದ ಕೆಲಸದಲ್ಲಿ ಅದನ್ನು ಕೊನೆಗೆ ಮುಟ್ಟಿ. ಸಂಶಯ ಉಳಿದರೆ ಹೊಸದಾಗಿ ತರಿಸಿಕೊಳ್ಳಿ. ದೇಶದ ಪ್ರಯೋಗಾಲಯಗಳಿಗೆ ಸೆಲ್ ಲೈನುಗಳನ್ನು ಕೊಡುವ ಭಂಡಾರ ನಮ್ಮ ಊರಿನ ವಿಶ್ವವಿದ್ಯಾಲಯದ ಆವರಣದಲ್ಲಿ, ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿಯೇ ಇರುವಾಗ ಗೆಳೆಯನ ಫ್ಲಾಸ್ಕನ್ನು ಆಶ್ರಯಿಸುವ ಅಗತ್ಯವಿಲ್ಲ.

ಈಗ ಕ್ರಮ. ಭರದಿಂದ ಬೆಳೆಯುತ್ತಿರುವ, ಫ್ಲಾಸ್ಕ್ ಪೂರ್ತಿ ತುಂಬದ ಹಂತದ ಕೋಶಗಳನ್ನೇ ಆರಿಸಿ. ಸೀರಂ ಹೆಚ್ಚಿರುವ ಮೀಡಿಯಾಕ್ಕೆ 10 ಪ್ರತಿಶತ ಡಿಎಂಎಸ್‌ಒ ಬೆರೆಸಿ. ಕೋಶದೊಳಗಿನ ನೀರು ಮಂಜಿನ ಹರಳಾಗಿ ಒಳಗಿನಿಂದಲೇ ಇರಿಯದಂತೆ ಇದು ಕಾಯುತ್ತದೆ, ಆದರೆ ಕೋಣೆಯ ಶಾಖದಲ್ಲಿ ಇದೇ ಕೋಶಗಳಿಗೆ ವಿಷ. ಆದ್ದರಿಂದ ಬೆರೆಸಿದ ಮೇಲೆ ತಡಮಾಡಬೇಡಿ. ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಯುವ ಹಾಗೆ ಐಸೊಪ್ರೊಪನಾಲ್ ಡಬ್ಬಿಯಲ್ಲಿ ಮೈನಸ್ 80ರ ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟು, ಮಾರನೆಯ ದಿನ ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಡಬ್ಬಕ್ಕೆ ವರ್ಗಾಯಿಸಿ. ಮೈನಸ್ 80ರಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಕೋಶಗಳು ನಿಧಾನವಾಗಿ ಸಾಯುತ್ತವೆ. ಕರಗಿಸುವಾಗ ಕ್ರಮ ತಿರುಗುಮುರುಗು: 37 ಡಿಗ್ರಿಯ ನೀರಿನಲ್ಲಿ ಒಂದೆರಡು ನಿಮಿಷ, ಅವರೆಕಾಳಿನಷ್ಟು ಮಂಜು ಉಳಿದಿರುವಾಗಲೇ ಹೊರತೆಗೆದು ಬೆಚ್ಚಗಿನ ಮೀಡಿಯಾಕ್ಕೆ ಹಾಕಿಬಿಡಬೇಕು. ದ್ರವ ಸಾರಜನಕದೊಳಗೆ ಮುಳುಗಿದ್ದ ವಯಲ್ ಸಿಡಿಯುವುದುಂಟು, ಮುಖಕವಚ ಹಾಕಿಕೊಳ್ಳಿ.

ವಾರದ ನಂತರ ಒಂದು ವಯಲನ್ನು ಕರಗಿಸಿ ಬೆಳೆಸಿ ನೋಡದ ಹೊರತು ಉಳಿದವುಗಳನ್ನು ನಂಬಬೇಡಿ. ಅರ್ಧವನ್ನು ಬೇರೊಂದು ಕಟ್ಟಡದ ಡಬ್ಬದಲ್ಲಿ ಇರಿಸಿ. ಪ್ರತಿ ವಯಲಿನ ಮೇಲೆ ಕೋಶದ ಹೆಸರು, ಪ್ಯಾಸೇಜ್ ಸಂಖ್ಯೆ, ದಿನಾಂಕ ಬರೆಯುವಾಗ ಸ್ಪಿರಿಟ್ಟಿಗೆ ಅಳಿಯದ ಶಾಯಿಯನ್ನೇ ಬಳಸಿ. ಸಾಮಾನ್ಯ ಮಾರ್ಕರಿನ ಅಕ್ಷರ 70 ಪ್ರತಿಶತ ಸ್ಪಿರಿಟ್ ತಾಗಿದೊಡನೆ ಕೈಗವಸಿನ ಬೆರಳಿಗೆ ಬಂದುಬಿಡುತ್ತದೆ, ಮತ್ತು ಹೆಸರು ಅಳಿದ ವಯಲನ್ನು ಎಸೆಯದೆ ಬೇರೆ ದಾರಿಯಿಲ್ಲ.